ನಾಲ್ಕು ನೂರು ಬಿಳೇ ಸಾಮಾನು

ಈಶಪ್ಪನ ಸೀಸಕಡ್ಡಿ ಅಲ್ಲಿಗೆ ಬಂದು ನಿಂತುಬಿಟ್ಟಿತು. ಸುಣ್ಣ, ಉಸುಕು, ಬೆಲ್ಲ, ಗಾರೆ ಅರೆಯುವ ಗಾಣಕ್ಕೆ ಎರಡು ಜೋಡಿ ಎತ್ತು, ಇಷ್ಟನ್ನು ದುಂಡಗೆ ಬರೆದಾಗಿತ್ತು. ಮುಂದಿನದನ್ನು ಬರೆಯಲು ಅವನಿಗೆ ಕೈ ಬರಲಿಲ್ಲ.

“ಬರಕೋರಿ. ಕೋಳಿ ತತ್ತಿ, ನಾಕ ನೂರ,” ಎಂದು ಗಜೇಂದ್ರಗಡದಿಂದ ಬಂದಿದ್ದ ಗೌಂಡಿ ಮೆಹಬೂಬಸುಭಾನಿ ಎರಡನೆಯ ಸಲ ಹೇಳಿದ.

ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೆಲ್ಲ ಒಮ್ಮೆಗೇ ಬೇರೆ ಬೇರೆ ದಿಕ್ಕಿಗೆ ನೋಡಿದರು. ಊರ ಹೊಲದಲ್ಲಿ ಅರ್ಧ ತನ್ನದೇ ಆಗಿದ್ದ, ಹುಡೇವಿನ, ಅಂದರೆ ಊರ ಕಾವಲುಗೋಪುರದ, ದುರಸ್ತಿ ಕಮಿಟಿಗೆ ಅಧ್ಯಕ್ಷನೂ ಆಗಿದ್ದ ತೋಟಪ್ಪ ಮಾತ್ರ ಗೌಂಡಿಯನ್ನೇ ದಿಟ್ಟಿಸಿ, “ಉಸ್ತಾದ, ಇದು ಗುಡಿ ಕಟ್ಟಿ. ಮಾತ ನೋಡಿ ಆಡು,” ಎಂದ.

“ನಾ ಏನ ತಿನ್ನಾಕ ಕೇಳಿದ್ನೇನ್ರಿ ಸಾವಕಾರ್ರ? ಗಚ್ಚಿಗೆ ಬೇಕು. ತತ್ತಿ ಬಿಳೇದು ಬೀಳಲಿಲ್ಲಂದ್ರ ಗಚ್ಚು ನೀರ ಕುಡಿತೈತಿ. ಎರಡ ಮಳಿಗೆ ಉದರಿ ಹೋಗ್ತೈತಿ.”

“ದೀಪ ಇಡೂ ಜಾಗಾಕ್ಕ ಅದನ್ನ ಹಚ್ಚತಾರೇನು?”

“ಹಳೇ ಗಚ್ಚಿನಾಗೂ ಅದ ಐತ್ರಿ. ನಿಮ್ಮ ಮುತ್ಯಾ ಹೇಳಿ ನಮ್ಮ ಮುತ್ಯಾ ಹಚ್ಚಿದ್ದು. ನೀವು ಸಣ್ಣಾವ್ರಿದ್ದಾಗ ಅದಕ್ಕ ಬೆನ್ನ ಹಚ್ಚಿ ಕುಂತಿರಬೇಕು.”

ತೋಟಪ್ಪ ತನ್ನ ಬೆನ್ನು ಮುಟ್ಟಿ ನೋಡಿಕೊಳ್ಳದಿರಲು ಪಟ್ಟ ಕಷ್ಟ ಎಲ್ಲರಿಗೂ ಕಂಡಿತು.

ಊರಿನ ಹೆಸರು ಬೇಡ. ಯಾವಗಲ್ಲಿಗೂ ಮೆಣಸಗಿಗೂ ನಡುವೆ, ಬೆಣ್ಣಿಹಳ್ಳದ ದಂಡೆಗೆ ಎಂದರೆ ಸಾಕು. ಹೆಸರು ಹಾಕಿದರೆ ಇವತ್ತಿಗೂ ಜಗಳಕ್ಕೆ ಬರುವ ಜನ. ಅಲ್ಲಿ ಯಾವ ಕಡೆ ನೋಡಿದರೂ ಎರೆ ಹೊಲ; ಒಂದು ಗುಡ್ಡವಿಲ್ಲ, ಗುರುತಿಗೊಂದು ಮರವಿಲ್ಲ. ನರಗುಂದದ ಸಂತೆಗೆ ಹೋದ ಬಂಡಿಗಳು ಹೊತ್ತು ಮುಳುಗಿದ ಮೇಲೆ ತಿರುಗಿ ಬರುವಾಗ ಹಳ್ಳ ದಾಟುವ ಜಾಗ ಯಾವುದೆಂದು ಹೇಳುತ್ತಿದ್ದುದು ಹುಡೇವಿನ ದೀಪ ಒಂದೇ. ಊರ ಅಂಚಿನ ಆ ದುಂಡನೆಯ ಕಲ್ಲಿನ ಗೋಪುರವನ್ನು ಹಿಂದೆ ದಂಡು ಬರುವುದನ್ನು ಕಾಯಲು ಕಟ್ಟಿದ್ದರಂತೆ. ದಂಡಿನ ಕಾಲ ಹೋಯಿತು, ನೆತ್ತಿಯ ಮೇಲಿನ ದೀಪ ಉಳಿಯಿತು. ದೀಪ ನೇರ ಎದುರಿಗಿದ್ದರೆ ದಾಟು ಸಿಗುತ್ತದೆ, ಎಡಕ್ಕೆ ಕಂಡರೆ ಮುಂದೆ ಮಡುವಿದೆ ಎಂದು ಎತ್ತುಗಳಿಗೂ ಗೊತ್ತಿತ್ತು. ಹೋದ ವರ್ಷ, ಅಂದರೆ ೧೯೫೩ರಲ್ಲಿ, ಉತ್ತರಿ ಮಳೆಗೆ ನೆತ್ತಿ ಕುಸಿದು ದೀಪದ ಗೂಡು ಬಿತ್ತು. ಮುಂದೆ ಹದಿನೈದು ದಿನದಲ್ಲಿ ತೋಟಪ್ಪನದೇ ಬಂಡಿ ಮಡುವಿಗಿಳಿದು ಒಂದು ಜೋಡಿ ಎತ್ತು ಹೋದವು. ಬೇರೆಯವರ ಎತ್ತು ಹೋಗಿದ್ದರೆ ಕಮಿಟಿ ಆಗುತ್ತಿತ್ತೋ ಇಲ್ಲವೋ ಹೇಳಲಾಗದು.

ಕಟ್ಟೆಯ ಕೆಳಗೆ ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದ ಶರೀಫಾಬಿಗೆ ಇದನ್ನೆಲ್ಲ ಕೇಳಿ ಮೈ ಉರಿಯುತ್ತಿತ್ತು. ದೀಪ ಹಚ್ಚುವುದು ಅವಳ ಮನೆತನದ ಕೆಲಸ. ಗಂಡ ಮೋದಿನಸಾಬ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅವಳೇ ದಿನಾ ಸಂಜೆ ನಲವತ್ತೆರಡು ಮೆಟ್ಟಿಲು ಹತ್ತಿ ಎಣ್ಣೆ ಹಾಕಿದ್ದಳು. ಅದಕ್ಕೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದು ಮರ, ಅಂದರೆ ಒಂದು ಮೊರದ ತುಂಬ, ಜೋಳ, ಅದು ಅವಳ ಆಯ. ಈ ಸಲ ಮರ ಹಿಡಿದು ಹೋದರೆ ಎಲ್ಲಾ ಕಣದಲ್ಲೂ ಒಂದೇ ಮಾತು: ದೀಪ ಇಲ್ಲ, ಆಯ ಎಲ್ಲಿಯದು? ಅಂದಿನಿಂದ ಆರು ಕೋಳಿಗಳ ತತ್ತಿ ಮಾರಿ ಹೊಟ್ಟೆ ಹೊರೆದುಕೊಂಡಿದ್ದಳು. ಸಾಲದ್ದಕ್ಕೆ, ಮಿರಗದ ಮಳೆಯೊಳಗೆ ಕೆಲಸ ಮುಗಿಯದಿದ್ದರೆ ಹುಡೇವಿನ ಕಲ್ಲು ಇಳಿಸಿ ಸಾಲೆಯ ಗೋಡೆಗೆ ಹಾಕಿಸುವುದಾಗಿ ತೋಟಪ್ಪ ಹೇಳಿಬಿಟ್ಟಿದ್ದ. ಕಲ್ಲು ಇಳಿದರೆ ಅವಳ ಆಯವೂ ಅದರ ಜೊತೆಗೇ ಇಳಿದು ಹೋಗುತ್ತಿತ್ತು.

“ತತ್ತಿ ನಾ ಕೂಡಸ್ತೀನ್ರಿ,” ಎಂದಳು.

ಕಟ್ಟೆಯ ಮೇಲಿದ್ದವರಿಗೆ ಹೋದ ಉಸಿರು ಬಂತು. ಆದರೆ ಈಶಪ್ಪ ನಿಯಮದ ಮನುಷ್ಯ. ಸಣ್ಣ ಕಿರಾಣಿ ಅಂಗಡಿಯವನು, ಕಮಿಟಿಯ ಕಾರ್ಯದರ್ಶಿಯೆಂದು ಮಾಡಿದ ದಿನದಿಂದ ಅಂಗಿಯ ಗುಂಡಿಯನ್ನು ಕೊರಳವರೆಗೆ ಹಾಕಿಕೊಳ್ಳುತ್ತಿದ್ದ. “ಹಂಗ ಬರೂದಿಲ್ಲ. ಪಟ್ಟಿ ಎತ್ತಿದ ಮ್ಯಾಲ ಒಂದ ಮನಿ ಬಿಡೂಹಂಗಿಲ್ಲ. ಸುಣ್ಣಕ್ಕ ಎಲ್ಲಾರೂ ಕೊಟ್ಟಾರ, ಬೆಲ್ಲಕ್ಕ ಕೊಟ್ಟಾರ. ಇದಕ್ಕ ಬರೇ ಕೋಳಿ ಇದ್ದಾವ್ರು ಕೊಟ್ರ ನಾಳೆ ಹುಡೇವು ಅವರದ ಆತು ಅಂತಾರ,” ಎಂದ.

ಅದು ಖರೆಯೇ ಆಗಿತ್ತು. ಆ ಊರಲ್ಲಿ ವಂತಿಗೆಯ ಪಟ್ಟಿ ಕೊಡು ಎಂದು ಕೇಳಿದರೆ ಗೊಣಗುವ ಜನ, ಕೇಳದೆ ಬಿಟ್ಟರೆ ಬಡಿಗೆ ಹಿಡಿದು ಬರುವವರು. ಕೊಡಲೇಬೇಕು, ಕೊಡಲೂಬಾರದು. ಸಂಜೆಯವರೆಗೆ ವಾದಿಸಿ ಅವರು ಮಾಡಿದ್ದಿಷ್ಟೇ: ಪಟ್ಟಿಯಲ್ಲಿ ತತ್ತಿ ಎಂದು ಬರೆಯಬಾರದು, ಬಿಳೇ ಸಾಮಾನು ಎಂದು ಬರೆಯಬೇಕು. ಪ್ರತಿ ಮನೆಯ ಹೆಸರಿನ ಮುಂದೆ ಅದು ಬರಬೇಕು. ಹೇಗೆ ಬರುತ್ತದೆ ಎಂಬುದನ್ನು ಶರೀಫಾಬಿ ನೋಡಿಕೊಳ್ಳಬೇಕು.

ಮರುದಿನ ಮುಂಜಾನೆ ಅವಳು ಬುಟ್ಟಿ ಹಿಡಿದು ಹೊರಟಳು. ಮೊದಲು ಕೂಗಿದ್ದು ತೋಟಪ್ಪನ ಹೆಂಡತಿ ನೀಲವ್ವ, ಅದೂ ಹಿತ್ತಲ ಬಾಗಿಲಿಂದ.

“ಶರೀಫಾಬಿ, ಇಲ್ಲಿ ಬಾ ಲಗೂನ. ಈ ಜ್ವಾಳ ಹಾಕ್ಕೊ. ನಮ್ಮನಿ ಹೆಸರಲೆ ಹತ್ತ ಬರಸು. ಈಚಿಮನಿಯಾಕಿ ಎಷ್ಟ ಬರಿಸ್ಯಾಳ?”

“ಇನ್ನೂ ಯಾರೂ ಬರಿಸಿಲ್ರಿ ಅವ್ವಾರ.”

“ಆಕಿ ಹತ್ತ ಅಂದ್ರ ನಮ್ಮದು ಹನ್ನೆರಡ ಮಾಡು. ಇವರ ಮುಂದ ಬಾಯಿ ಬಿಡಬ್ಯಾಡ.”

ಈಚಿಮನೆಯವಳು ಹದಿನಾಲ್ಕು ಬರೆಸಿದಳು. ಅವಳ ಆಚೆಯವಳು ಹದಿನೈದು. ನಾಲ್ಕು ದಿನದಲ್ಲಿ ಶರೀಫಾಬಿಯ ಗುಡಿಸಲಿಗೆ ಹಿತ್ತಲ ದಾರಿಯಿಂದ ಎರಡು ಚೀಲ ಜೋಳ ಬಂತು. ಪಟ್ಟಿಯಲ್ಲಿ ಬಿಳೇ ಸಾಮಾನು ಐದು ನೂರು ದಾಟಿತು, ಬುಟ್ಟಿಯಲ್ಲಿ ಇದ್ದದ್ದು ಅರವತ್ತು. ಈಶಪ್ಪ ಹಾಳೆ ತೋರಿಸಿ, ಬೇಕಾದ್ದಕ್ಕಿಂತ ಹೆಚ್ಚೇ ಆಯಿತಲ್ಲ ಎಂದು ಹಿಗ್ಗಿದ.

“ಜ್ವಾಳ ತತ್ತಿ ಇಡತೈತೇನ್ರಿ ಈಶಪ್ಪಾರ? ಕೋಳಿ ಇಡಬೇಕಲ್ಲ. ಊರಾಗ ಇರೂ ಕೋಳಿ ಎಷ್ಟು, ನಿಮಗೇನರ ಗೊತ್ತೈತೇನು?”

ಈಶಪ್ಪನಿಗೆ ಗೊತ್ತಿರಲಿಲ್ಲ. ಆದರೆ ಅವಳ ಗುಡಿಸಲ ಮೂಲೆಯಲ್ಲಿ, ಬುಟ್ಟಿಯೊಳಗೆ ಕೂತಿದ್ದ ಕೆಂಪು ಕೋಳಿ ಒಮ್ಮೆ ಎದ್ದು ಹೊರಳಿದಾಗ ಅದರ ಹೊಟ್ಟೆಯಡಿ ಬಿಳಿ ಬಿಳಿ ಕಂಡವುಗಳನ್ನು ಅವನು ಬಾಗಿಲಲ್ಲೇ ನಿಂತು ಎಣಿಸಿದ್ದ. “ಅಲ್ಲಿ ಹದಿಮೂರ ಅದಾವಲ್ಲ,” ಎಂದ.

“ಅವು ಈ ಲೆಕ್ಕಕ್ಕ ಬರೂದಿಲ್ರಿ,” ಎಂದು ಅವಳು ಹೊರಗೆ ನಡೆದಳು. ಆಗಿ ಹುಣ್ಣಿವೆಯ ದಿನ ಅವಳು ಆ ಕೋಳಿಯನ್ನು ಕಾವಿಗೆ ಕೂರಿಸಿದ್ದಳು. ಹುಡೇವಿನ ಕೆಲಸ ಕೆಟ್ಟರೆ ಮುಂದಿನ ವರ್ಷಕ್ಕೆ ಆ ಹದಿಮೂರೇ ಗತಿ. ಇದನ್ನು ಬಿಡಿಸಿ ಹೇಳಬೇಕೆಂದು ಅವಳಿಗೆ ತೋಚಲೇ ಇಲ್ಲ. ಯಾರಿಗಾದರೂ ತೋಚುತ್ತಿತ್ತೇ? ಈಶಪ್ಪ ಮಾತ್ರ, ಈ ಮುದುಕಿ ತನ್ನದನ್ನು ಮುಚ್ಚಿಟ್ಟುಕೊಂಡು ಊರವರದನ್ನು ಎತ್ತುತ್ತಿದ್ದಾಳೆ ಎಂದು ಮನಸ್ಸಿನಲ್ಲಿ ಬರೆದುಕೊಂಡ.

ಮುಂದೆ ಎರಡು ವಾರ ಶರೀಫಾಬಿ ಆ ಜೋಳವನ್ನು ತಲೆಯ ಮೇಲೆ ಹೊತ್ತು ಸುತ್ತಿನ ಊರೆಲ್ಲ ತಿರುಗಿದಳು. ಜೋಳ ಕೊಟ್ಟು ತತ್ತಿ ತರುವುದು. ಕೇಳಿದಲ್ಲೆಲ್ಲ ಒಂದೊಂದು ನೆವ. ಒಬ್ಬಳ ಕೋಳಿ ದ್ಯಾಮವ್ವನಿಗೆ ಬಿಟ್ಟದ್ದು, ಅದರ ತತ್ತಿಯೂ ದ್ಯಾಮವ್ವನದೇ. ಇನ್ನೊಬ್ಬಳು ದೃಷ್ಟಿ ತೆಗೆಯಲು ಎರಡು ಇಟ್ಟುಕೊಂಡಿದ್ದಳು, ಇನ್ನೂ ದೃಷ್ಟಿ ತಗುಲಿರಲಿಲ್ಲ, ತಗುಲುವ ಸಂಭವವಿತ್ತು. ಯಾವಗಲ್ಲಿನ ಕುರುಬರ ಕಳಕವ್ವ ಜೋಳವನ್ನು ಅಂಗೈಯಲ್ಲಿ ಹಾಕಿಕೊಂಡು ಕಾಳು ಕಾಳು ನೋಡಿ, “ನಿಮ್ಮ ಊರ ದೀಪ ನಮಗ್ಯಾಕವಾ?” ಎಂದಳು.

“ನಿನ್ನ ಗಂಡ ಕುರಿ ಮಾರಿ ನರಗುಂದದಿಂದ ಬರೂದು ಯಾವ ದಾರಿಲೆ?”

“ಹಳ್ಳ ದಾಟಿ.”

“ದಾಟಾಕ ದಾರಿ ಯಾರ ತೋರಸ್ತಾರ?”

ಕಳಕವ್ವ ವಿಚಾರ ಮಾಡಿದಳು. ವಿಚಾರ ಮಾಡಿ ಎರಡು ತತ್ತಿ ಕೊಟ್ಟಳು, ಮೂರನೆಯದಕ್ಕೆ ಇನ್ನೊಂದು ಬೊಗಸೆ ಜೋಳ ಕೇಳಿದಳು. ತನ್ನ ಹೊಟ್ಟೆಗೆ ಆ ಜೋಳದಲ್ಲಿ ಒಂದು ಹಿಡಿಯನ್ನೂ ಬೀಸಿಕೊಳ್ಳದ ಶರೀಫಾಬಿ ಅದನ್ನೂ ಅಳೆದು ಕೊಟ್ಟಳು.

ಹುಡೇವಿನ ಬುಡದಲ್ಲಿ ಗಾಣ ತಿರುಗುತ್ತಿತ್ತು. ಮೆಹಬೂಬಸುಭಾನಿ ಗಾರೆಯನ್ನು ಬೆರಳಲ್ಲಿ ಹಿಡಿದು ನೋಡುತ್ತ, ಬಂದ ತತ್ತಿಯ ಬಿಳೇದನ್ನಷ್ಟೇ ಅದಕ್ಕೆ ಸುರಿಯುತ್ತ, ಒಂದೊಂದೇ ಪದರ ಮೇಲೇರಿಸಿದ. ಗೂಡು ಎದ್ದಿತು, ಅದರ ಮೇಲಿನ ಗುಮ್ಮಟವೂ ಎದ್ದಿತು. ಗುಮ್ಮಟದ ಸುತ್ತ ಕಡೆಯ ಪದರ ಉಳಿದಾಗ ತತ್ತಿ ಮುಗಿದವು. ಅಂದು ಜೂನ್ ಆರು. ಪಡುವಣಕ್ಕೆ ಮುಗಿಲು ಕಪ್ಪಾಗಿತ್ತು.

“ಇನ್ನ ಹದಿನೈದರ ಬೇಕ ಆಪಾ,” ಎಂದು ಅವನು ಶರೀಫಾಬಿಗೆ ಹೇಳಿದ. “ಕಲಸಿದ ಗಾರಿ ಸಂಜಿತನಕ ತಡಿತೈತಿ. ಆಮ್ಯಾಲ ಕಲ್ಲು. ಇದೊಂದ ಸುತ್ತ ಮುಚ್ಚಲಿಲ್ಲಂದ್ರ ಮಳಿನೀರ ಒಳಗ ಇಳದು ಮತ್ತ ಹೋದ ವರ್ಷದ್ದ ಹಾಡು.”

ಅವಳು ಉಳಿದ ಜೋಳವನ್ನು ಗಂಟು ಕಟ್ಟಿಕೊಂಡಳು. ಕೆಲಸ ನೋಡಲು ಬಂದಿದ್ದ ತೋಟಪ್ಪ ಆ ಗಂಟಿನ ಕಡೆ ನೋಡಿ, “ಮನಿಮನಿಯಿಂದ ಜ್ವಾಳ ಬಂದಾವಂತ ಕೇಳೀನಿ. ಚಲೋ ಆತು. ನಿನ್ನ ಆಯ ಮುಟ್ಟಿಧಂಗ ಆತಲ್ಲ ಈ ವರ್ಷದ್ದು,” ಎಂದ.

ಶರೀಫಾಬಿಗೆ ಹೇಳಬೇಕಾದ್ದು ಬಹಳವಿತ್ತು. ಆದರೆ ಯಾವಗಲ್ಲಿಗೆ ಹೋಗಿ ಬರಲು ಎರಡು ಹರದಾರಿ ಆಗುತ್ತಿತ್ತು, ಮಾತಾಡುತ್ತ ನಿಂತರೆ ಗಾರೆ ಕಲ್ಲಾಗುತ್ತಿತ್ತು. ಗಂಟು ತಲೆಗೇರಿಸಿ ನಡೆದುಬಿಟ್ಟಳು.

ಮೂರು ತಾಸಾಯಿತು. ಮುಗಿಲು ಊರ ಮೇಲೆ ಬಂತು, ಅವಳು ಬರಲಿಲ್ಲ. ಗೌಂಡಿ ಗಾರೆಯ ಮೇಲೆ ಒದ್ದೆ ಗೋಣಿ ಹೊದಿಸಿ ತಲೆಗೆ ಕೈ ಹಚ್ಚಿ ಕೂತ. ತೋಟಪ್ಪ ಹತ್ತು ಸಲ ದಾರಿ ನೋಡಿ, “ಹೇಳಿದ್ದೆ, ಆಗೂದಿಲ್ಲ ಅಂತ ಹೇಳಿದ್ದೆ,” ಎಂದು ಹತ್ತು ಸಲ ಹೇಳಿದ. ಈಶಪ್ಪನಿಗೆ ಆಗ ಆ ಹದಿಮೂರು ನೆನಪಾದವು. ಜೀವಮಾನದಲ್ಲಿ ಮುಟ್ಟದ ವಸ್ತು. ಅವ್ವ ಬದುಕಿದ್ದರೆ ಸ್ನಾನ ಮಾಡಿಸದೆ ಒಳಗೆ ಬಿಡುತ್ತಿರಲಿಲ್ಲ. ಆದರೆ ಊರ ಕೆಲಸ ನಿಂತಿತ್ತು, ಅದು ಎಲ್ಲಿದೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

ಶರೀಫಾಬಿಯ ಗುಡಿಸಲ ತಟ್ಟಿ ಸರಿಸಿ ಒಳಗೆ ಹೋಗಿ, ಶಲ್ಯವನ್ನು ಕೈಗೆ ಸುತ್ತಿಕೊಂಡು ಅವನು ಕೋಳಿಯ ಹೊಟ್ಟೆಯಡಿ ಕೈ ಹಾಕಿದ. ಕೋಳಿ ಮಣಿಕಟ್ಟಿಗೆ ಎರಡು ಸಲ ಕುಕ್ಕಿತು. ಶಿವ ಶಿವ ಎನ್ನುತ್ತ ಹದಿಮೂರನ್ನೂ ತೆಗೆದ. ಅವು ಅಷ್ಟು ಬೆಚ್ಚಗಿರುತ್ತವೆ ಎಂದು ಅವನಿಗೆ ಗೊತ್ತಿರಲಿಲ್ಲ. ಕೋಳಿ ಬೇಲಿ ಹಾರಿ ಕಿರುಚುತ್ತ ಹಿತ್ತಲ ಕಳ್ಳಿಯೊಳಗೆ ಹೋಯಿತು. ಶಲ್ಯದ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ನೈವೇದ್ಯ ಒಯ್ಯುವವನ ಹಾಗೆ, ಈಶಪ್ಪ ಊರ ನಡುಬೀದಿಯಲ್ಲೇ ನಡೆದ. ಯಾರಾದರೂ ನೋಡಲಿ ಎಂದೇ ನಡೆದ.

“ತಗೋ ಉಸ್ತಾದ,” ಎಂದು ಗಾರೆಯ ದೋಣಿಯ ಪಕ್ಕ ಗಂಟು ಬಿಚ್ಚಿದ. “ಹದಿಮೂರ.”

ಮೆಹಬೂಬಸುಭಾನಿ ಅವಸರದಲ್ಲಿದ್ದ. ಎಲ್ಲಿಂದ ಬಂತೆಂದು ಕೇಳದೆ ಒಂದನ್ನು ತೆಗೆದು ದೋಣಿಯ ಅಂಚಿಗೆ ಕುಟ್ಟಲು ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ತತ್ತಿಯನ್ನು ಕಿವಿಗೆ ಹಿಡಿದ. ಆಮೇಲೆ ಒಂದು ಮಾತೂ ಆಡದೆ ಅದನ್ನು ಈಶಪ್ಪನ ಕಿವಿಗೆ ಹಿಡಿದ.

ಒಳಗೆ ಯಾರೋ ಚಿಂವ್ ಎಂದರು.

ಈಶಪ್ಪನ ಮುಖ ಸುಣ್ಣವಾಯಿತು. “ಏನದು? ಏನಂತೈತಿ?” ಎಂದು ತೋಟಪ್ಪ ಹತ್ತಿರ ಬಂದು, ಮರೆತು, ತಾನೇ ಅದನ್ನು ಗೌಂಡಿಯ ಕೈಯಿಂದ ತೆಗೆದುಕೊಂಡು ಕಿವಿಗೆ ಹಚ್ಚಿದ. ಬಿಳೇ ಸಾಮಾನು ಅವನಿಗೂ ಚಿಂವ್ ಎಂದಿತು. ಶಲ್ಯದಲ್ಲಿದ್ದ ಉಳಿದವುಗಳಲ್ಲಿ ಒಂದೆರಡು ಅದಕ್ಕೆ ಉತ್ತರ ಕೊಟ್ಟವು. ಹುಡೇವಿನ ಬುಡದಲ್ಲಿದ್ದ ಗಂಡಸರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

ಶರೀಫಾಬಿ ಬಂದದ್ದು ಆಗ. ಬುಟ್ಟಿಯಲ್ಲಿ ಹದಿನಾರು ತಂದಿದ್ದಳು, ಕಾಲು ಮೊಣಕಾಲವರೆಗೆ ಧೂಳಾಗಿತ್ತು. ಶಲ್ಯ ಕಂಡಳು, ಅದರೊಳಗಿನದನ್ನು ಕಂಡಳು, ಈಶಪ್ಪನ ಮಣಿಕಟ್ಟಿನ ಗಾಯವನ್ನೂ ಕಂಡಳು. ಬುಟ್ಟಿಯನ್ನು ಗೌಂಡಿಯ ಮುಂದೆ ಇಟ್ಟು, “ಮೊದಲ ನೀ ಹತ್ತು. ಗಾರಿ ಹೋಗ್ತೈತಿ,” ಎಂದಳು. ಅವನು ಹತ್ತಿದ ಮೇಲೆ ಈಶಪ್ಪನ ಕಡೆ ತಿರುಗಿದಳು.

“ಕಾವಿಗೆ ಕುಂತ ಕೋಳಿ ಎಬ್ಬಿಸಿ ತಂದೀರೇನ್ರಿ?”

“ತತ್ತಿ ಅಂದ್ರ ತತ್ತಿ ಅಂತ ತಿಳಕೊಂಡ್ನಿ, ಯವ್ವಾ. ಊರ ಕೆಲಸಂತ ತಂದ್ನಿ.”

“ಇವತ್ತಿಗೆ ಇಪ್ಪತ್ತ ದಿನ ಆತು. ನಾಳೆ ಮರಿ ಒಡಿತಿದ್ವು. ಉಣ್ಣೂದಿಲ್ಲ, ಮುಟ್ಟೂದಿಲ್ಲ, ಹೆಸರ ಸುದ್ದಾ ತಗೊಳ್ಳೂದಿಲ್ಲ. ಕಸಗೊಳ್ಳಾಕ ಮಾತ್ರ ಬರತೈತಿ ನಿಮಗ.” ಅವಳು ತೋಟಪ್ಪನ ಕಡೆ ತಿರುಗಿದಳು. “ಹಿತ್ತಲ ಬಾಗಿಲಿಗೆ ಬಂದ ಜ್ವಾಳದಾಗ ಒಂದ ರೊಟ್ಟಿ ಬಡದಿಲ್ಲ ನಾನು, ಸಾವಕಾರ್ರ. ನಿಮ್ಮ ಮನ್ಯಾಗ ಕೇಳ್ರಿ, ಯಾಕ ಕೊಟ್ರಂತ. ಆಯ ಮುಟ್ಟೈತಂತ.”

ತನ್ನ ಮನೆಯ ಜೋಳವೂ ಅದರಲ್ಲಿದೆ ಎಂಬುದು ತೋಟಪ್ಪನಿಗೆ ಆಗಷ್ಟೇ ತಿಳಿಯಿತು. ತಂಪು ಗಾಳಿ ಬೀಸಿತು, ಹಿಂದೆಯೇ ದಪ್ಪ ದಪ್ಪ ನಾಲ್ಕು ಹನಿ ಬಿದ್ದವು. ಶರೀಫಾಬಿಗೆ ಸಿಟ್ಟು ಮಾಡಲೂ ಪುರುಸೊತ್ತಿರಲಿಲ್ಲ. ಈಶಪ್ಪನನ್ನು ರಟ್ಟೆ ಹಿಡಿದು ಹುಡೇವಿನ ಬಾಗಿಲೊಳಗೆ ನೂಕಿದಳು.

“ಕುಂದರ್ರಿ ಇಲ್ಲಿ. ಧೋತರದ ಉಡಿ ಮಾಡ್ರಿ. ಅಂಗಿ ಗುಂಡಿ ಬಿಚ್ಚಿ ಹೊಟ್ಟಿಗೆ ಹತ್ತಿ ಹಿಡಕೋರಿ. ಬೆದರಿದ ಕೋಳಿ ತಿರುಗಿ ಕಾವಿಗೆ ಕೂಡೂದಿಲ್ಲ, ಥಂಡಿ ಹತ್ತಿದ್ರ ಸಾಯತಾವು.”

“ನಾನಽ?”

“ಕೋಳಿ ಎಬ್ಬಿಸಿದಾವ್ರು ಯಾರು?”

ಈಶಪ್ಪ ಕೂತ. ಕೊರಳವರೆಗಿನ ಗುಂಡಿಗಳನ್ನು ಒಂದೊಂದೇ ಬಿಚ್ಚಿದ. ಕೊರಳ ಲಿಂಗವನ್ನು ಬೆನ್ನಿಗೆ ಸರಿಸಿಕೊಂಡ, ಮತ್ತೆ ಏನೆನಿಸಿತೋ, ಮುಂದಕ್ಕೇ ತಂದುಕೊಂಡ. ಶರೀಫಾಬಿ ಹನ್ನೆರಡನ್ನು ಅವನ ಉಡಿಗೆ ಹಾಕಿದಳು. ಹದಿಮೂರನೆಯದು ತೋಟಪ್ಪನ ಕೈಯಲ್ಲಿತ್ತು. ಅದನ್ನು ಕೆಳಗಿಡುವುದು ಅವನಿಗೆ ನೆನಪಾಗಿರಲಿಲ್ಲ.

ಮೇಲೆ ಮೆಹಬೂಬಸುಭಾನಿ ಕಡೆಯ ಸುತ್ತು ಎಳೆದು, ಅದರ ಮೇಲೆ ಗೋಣಿ ಹೊದಿಸಿ, ಗೋಣಿಗೆ ಕಲ್ಲು ಹೇರಿ ಇಳಿದು ಬರುವಾಗ ಮಳೆ ಹಿಡಿದಿತ್ತು. “ಮೂರ ದಿನ ಒಣಗಬೇಕು, ದೀಪ ಆಮ್ಯಾಲ,” ಎಂದ.

“ಇವತ್ತ ನರಗುಂದದ ಸಂತಿ,” ಎಂದಳು ಶರೀಫಾಬಿ. “ಬಂಡಿ ಎಲ್ಲಾ ದಾರ್ಯಾಗ ಅದಾವು. ಮ್ಯಾಲ ಮಳಿ ಆದ್ರ ಹಳ್ಳ ಕೇಳತೈತೇನು?” ಗೌಂಡಿ ಮಾತು ಬೆಳೆಸಲಿಲ್ಲ. ಗೂಡಿನ ಒಳಗಿನ ಕಲ್ಲು ಒಣಗಿದೆ, ಗುಮ್ಮಟಕ್ಕೆ ಉರಿ ತಾಗದಂತೆ ಬತ್ತಿ ಸಣ್ಣದು ಮಾಡು ಎಂದಷ್ಟೇ ಹೇಳಿದ.

ಬೆಳಕು ಇಳಿಯುತ್ತಿತ್ತು. ಅವಳು ಬಾಗಿಲ ಮೂಲೆಯಲ್ಲಿ ಎಂಟು ತಿಂಗಳಿಂದ ಬೋರಲು ಹಾಕಿಟ್ಟಿದ್ದ ಎಣ್ಣೆಯ ತಂಬಿಗೆಯನ್ನು ತೆಗೆದು ಸೆರಗಿನಿಂದ ಒರೆಸಿದಳು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗ ತೋಟಪ್ಪ ಗೋಡೆಯ ಕಡೆ ಮುಖ ಮಾಡಿ, “ಸುಗ್ಗಿಗೆ ಕಣಕ್ಕ ಬಾ. ಮರ ದೊಡ್ಡದ ತಗೊಂಡ ಬಾ,” ಎಂದ.

“ಹೋದ ಸುಗ್ಗೀದು?”

ತೋಟಪ್ಪ ಸುಮ್ಮನಿದ್ದ. ಅವನ ಮುಷ್ಟಿಯೊಳಗಿನದು ಸುಮ್ಮನಿರಲಿಲ್ಲ.

“ಅದೂ,” ಎಂದ.

ಅವಳು ಹತ್ತಿದಳು. ಮೊಣಕಾಲು ಹಿಡಿಯುತ್ತಿದ್ದವು, ನಡುವೆ ಎರಡು ಸಲ ನಿಂತಳು. ಗೂಡಿನಲ್ಲಿ ಹೊಸ ಸುಣ್ಣದ ವಾಸನೆ ತುಂಬಿತ್ತು. ಎಣ್ಣೆ ಸುರಿದು, ಬತ್ತಿ ಹೊಸೆದು ಕಡ್ಡಿ ಗೀರಿದಳು. ಮೂರನೆಯ ಕಡ್ಡಿಗೆ ಹತ್ತಿಕೊಂಡಿತು. ಹಳ್ಳದ ಆಚೆ, ಎರೆ ಹೊಲದ ಕತ್ತಲಲ್ಲಿ, ಎಡಗಡೆಗೆ ಹೋಗುತ್ತಿದ್ದ ಬಂಡಿಯೊಂದರ ಗಂಟೆ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿತು, ಈ ಸಲ ನೇರ ಎದುರಿಗೆ.

ಕೆಳಗಿನಿಂದ ಈಶಪ್ಪ ಕೂಗಿದ. ಅವನ ದನಿ ಮೆಟ್ಟಿಲ ಸುರುಳಿಯಲ್ಲಿ ಸುತ್ತಿ ಸುತ್ತಿ ಮೇಲೆ ಬಂತು.

“ಯವ್ವಾ, ಒಂದ ಒಡದೈತಿ. ಚುಂಚ ಹೊರಗ ಬಂದೈತಿ. ಈಗ ಏನ ಮಾಡ್ಲಿ?”

“ಏನೂ ಮಾಡಬ್ಯಾಡ್ರಿ,” ಎಂದಳು ಶರೀಫಾಬಿ ಬತ್ತಿಯನ್ನು ಸಣ್ಣಗೆ ಮಾಡುತ್ತ. “ಸುಮ್ಮ ಕುಂದರ್ರಿ.”

ಬಾಗಿಲಲ್ಲಿ ತೋಟಪ್ಪ ಎರಡೂ ಅಂಗೈ ಮುಚ್ಚಿ ಎದೆಗೆ ಹಿಡಿದುಕೊಂಡು ನಿಂತೇ ಇದ್ದ. ಮಳೆಯ ಇರಚಲು ಒಳಗೆ ಹೊಡೆಯುತ್ತಿತ್ತು. ಅವನು ಮಗ್ಗುಲಿಗೆ ಸರಿದು, ಹುಡೇವಿನ ಹಳೆಯ ಗಚ್ಚಿಗೆ ಬೆನ್ನು ಹಚ್ಚಿ ನಿಂತ.